ಐಚ್ಛಿಕ ಕನ್ನಡದ ಪುಸ್ತಕಭಂಡಾರ: ಮೈಸೂರಿನ ನಿದರ್ಶನ ಮತ್ತು ಮಲೆನಾಡಿನ ಮೂರು ತಾಲ್ಲೂಕುಗಳು

೧

ಸಾಹಿತ್ಯವನ್ನು ವಿಶ್ವವಿದ್ಯಾನಿಲಯದ ವ್ಯಾಸಂಗಕ್ಕೆ ವಿಷಯವನ್ನಾಗಿ ಮಾಡಬೇಕಾದರೆ ಪಠ್ಯಕ್ರಮ ಬೇಕು, ಅಧ್ಯಾಪಕರು ಬೇಕು, ವಿದ್ಯಾರ್ಥಿಗಳು ಬೇಕು. ಇವುಗಳೊಡನೆ ಗ್ರಂಥಗಳೂ ಬೇಕು. ಮೊದಲಿನ ಮೂರನ್ನು ಒಂದು ಆಜ್ಞೆಯ ಬಲದಿಂದ ಒಂದೇ ವರ್ಷದಲ್ಲಿ ಒದಗಿಸಿಕೊಳ್ಳಬಹುದು. ಗ್ರಂಥಗಳನ್ನು ಹಾಗೆ ಒದಗಿಸಿಕೊಳ್ಳುವುದು ಸಾಧ್ಯವಿಲ್ಲವೆಂಬುದಕ್ಕೆ ಕನ್ನಡದ ಉಚ್ಚ ವ್ಯಾಸಂಗದ ಇತಿಹಾಸವೇ ಸಾಕ್ಷಿಯಾಗಿದೆ. ಬೇರೆ ವಿಷಯಗಳಿಗೆ ಪುಸ್ತಕಗಳನ್ನು ಅಂಗಡಿಯಿಂದ ತರಿಸಿಕೊಳ್ಳಬಹುದಾಗಿದ್ದ ಕಾಲದಲ್ಲಿ, ಕನ್ನಡ ಸಾಹಿತ್ಯಕ್ಕೆ ಪುಸ್ತಕಗಳನ್ನು ಹುಡುಕಿ, ಓದಿ, ತಿದ್ದಿ, ಅಚ್ಚುಹಾಕಿಸಿ, ಅನಂತರವೇ ಕಪಾಟಿನಲ್ಲಿಡಬೇಕಾಗಿದ್ದಿತು.

ಕರ್ನಾಟಕದಲ್ಲಿ ೨೦೨೧-೨೨ರಿಂದ ಪದವಿ ತರಗತಿಗಳಲ್ಲಿ ಪ್ರಧಾನ ವಿಷಯ ಮತ್ತು ಮೈನರ್ ಎಂಬ ಉಪವಿಷಯಗಳ ವ್ಯವಸ್ಥೆ ಜಾರಿಗೆ ಬಂದಿತು. ೨೦೨೪-೨೫ರಲ್ಲಿ ರಾಜ್ಯವು ಅದನ್ನು ಬಿಟ್ಟು ಮೂರು ವರ್ಷಗಳ ಪದವಿಯ ಕ್ರಮಕ್ಕೆ ಹಿಂದಿರುಗಿತು. ಇಷ್ಟು ಅಲ್ಪಾವಧಿಯಲ್ಲಿ ಪಠ್ಯಕ್ರಮವು ಎರಡು ಬಾರಿ ಬದಲಾದಾಗ, ಹೊಸದಾಗಿ ಆರಂಭವಾದ ಸಾಹಿತ್ಯದ ಉಪವಿಷಯಕ್ಕೆಂದು ಕಾಲೇಜುಗಳು ಕೊಂಡ ಪುಸ್ತಕಗಳ ಗತಿ ಏನು ಎಂಬ ಪ್ರಶ್ನೆ ಸಹಜವಾಗಿಯೇ ಏಳುತ್ತದೆ. ಈ ಲೇಖನವು ಆ ಪ್ರಶ್ನೆಯನ್ನು ಇತಿಹಾಸದ ಬೆಳಕಿನಲ್ಲಿ ನೋಡುವ ಒಂದು ಪ್ರಯತ್ನ. ಮೈಸೂರಿನಲ್ಲಿ ಕನ್ನಡ ವ್ಯಾಸಂಗದ ಭಂಡಾರ ಹೇಗೆ ಕೂಡಿಬಂದಿತೆಂಬುದನ್ನು ಮೊದಲು ಪರಿಶೀಲಿಸಿ, ಆ ಅನುಭವವು ಕೊಪ್ಪ, ಶೃಂಗೇರಿ, ನರಸಿಂಹರಾಜಪುರ ತಾಲ್ಲೂಕುಗಳ ಕಾಲೇಜುಗಳಿಗೆ ಹೇಗೆ ಅನ್ವಯಿಸುತ್ತದೆ ಎಂಬುದನ್ನು ಬಳಿಕ ವಿಚಾರ ಮಾಡಲಾಗಿದೆ.

೨

ವಿದ್ಯಾಸ್ಥಾನಕ್ಕೆ ಪುಸ್ತಕಭಂಡಾರ ಅವಶ್ಯಕವೆಂಬ ತಿಳಿವಳಿಕೆ ನಮ್ಮ ನಾಡಿಗೆ ಹೊಸದಲ್ಲ. ಈಗಿನ ಕಲಬುರಗಿ ಜಿಲ್ಲೆಯ ನಾಗಾವಿಯ ಘಟಿಕಾಸ್ಥಾನಕ್ಕೆ ಸಂಬಂಧಿಸಿದ ೧೦೫೮ರ ಶಾಸನವು ಅಲ್ಲಿನ ವಿದ್ಯಾರ್ಥಿಗಳನ್ನೂ ಉಪಾಧ್ಯಾಯರನ್ನೂ ಎಣಿಸಿ ಹೇಳುವಾಗ, ಅವರ ಜೊತೆಗೆ ಆರು ಮಂದಿ ಸರಸ್ವತೀಭಂಡಾರಿಗರನ್ನೂ ಹೇಳುತ್ತದೆ. ವೇದವನ್ನು ಓದುವವರು ಇನ್ನೂರು ಮಂದಿ, ಶಾಸ್ತ್ರವನ್ನು ಓದುವವರು ಐವತ್ತೆರಡು ಮಂದಿ. ಇವರಿಗೆ ಪಾಠ ಹೇಳುವ ಉಪಾಧ್ಯಾಯರೂ ಆರು ಮಂದಿ. ಉಪಾಧ್ಯಾಯರೆಷ್ಟು ಮಂದಿಯೋ ಪುಸ್ತಕವನ್ನು ಕಾಯುವವರೂ ಅಷ್ಟೇ ಮಂದಿ ಇದ್ದರೆಂಬ ಸಂಗತಿ ಇಂದಿನ ಕಾಲೇಜುಗಳ ಆಡಳಿತದವರು ಗಮನಿಸತಕ್ಕದ್ದಾಗಿದೆ. ಓಲೆಗರಿಯ ಗ್ರಂಥವು ಒಮ್ಮೆ ಕೊಂಡು ಇಟ್ಟರೆ ಮುಗಿಯುವ ವಸ್ತುವಾಗಿರಲಿಲ್ಲ. ಅದನ್ನು ಕಾಲಕಾಲಕ್ಕೆ ಬಿಚ್ಚಿ, ಒರಸಿ, ಎಣ್ಣೆ ಸವರಿ, ಸವೆದುದನ್ನು ಪ್ರತಿಮಾಡಬೇಕಾಗಿದ್ದಿತು.

ಶೃಂಗೇರಿಯ ಪರಂಪರೆಯೂ ಇದೇ ಬಗೆಯದು. ಹರಿಹರ ಮತ್ತು ಅವನ ಸಹೋದರರು ೧೩೪೬ರಲ್ಲಿ ಭಾರತೀತೀರ್ಥರಿಗೆ ನೀಡಿದ ದತ್ತಿಯ ಶಾಸನದಿಂದ ಅಲ್ಲಿನ ವಿಜಯನಗರ ಸಂಬಂಧದ ದಾಖಲೆಗಳು ಆರಂಭವಾಗುತ್ತವೆ. ಹದಿನೈದನೆಯ ಶತಮಾನದ ಆದಿಭಾಗದಲ್ಲಿ ಮಠದ ಪುಸ್ತಕಭಂಡಾರದ ಸಂರಕ್ಷಣೆಗಾಗಿ ಪುರಾಣಿಕ ಕವಿ ಕೃಷ್ಣಭಟ್ಟನಿಗೆ ಭೂಮಿಯನ್ನು ಬಿಟ್ಟುದೂ ದಾಖಲೆಗಳಿಂದ ತಿಳಿದುಬರುತ್ತದೆ. ಪುಸ್ತಕವನ್ನು ಕೊಳ್ಳುವುದಕ್ಕೆ ಒಮ್ಮೆ ಹಣ ಕೊಟ್ಟು ಕೈತೊಳೆದುಕೊಳ್ಳದೆ, ಅದನ್ನು ಕಾಯುವವನ ಜೀವನಕ್ಕೆ ಶಾಶ್ವತವಾದ ಆದಾಯವನ್ನು ಏರ್ಪಡಿಸಿದುದು ಇಲ್ಲಿ ವಿಶೇಷ. ಆದರೆ ಇಂತಹ ಭಂಡಾರಗಳು ಮುಖ್ಯವಾಗಿ ಶಾಸ್ತ್ರಾಧ್ಯಯನಕ್ಕಾಗಿ ಇದ್ದುವು. ಕನ್ನಡ ಕಾವ್ಯವು ಅರಮನೆಗಳಲ್ಲಿ, ಬಸದಿ ಮಠಗಳಲ್ಲಿ, ಗೃಹಸ್ಥರ ಮನೆಯ ಅಟ್ಟಗಳಲ್ಲಿ ಹರಡಿಕೊಂಡಿದ್ದಿತು. ಅದನ್ನು ಒಂದು ಸಾಹಿತ್ಯವೆಂದು ಒಟ್ಟುಗೂಡಿಸಿ ನೋಡುವ ಕಾರ್ಯ ಹತ್ತೊಂಬತ್ತನೆಯ ಶತಮಾನದವರೆಗೆ ಕಾದಿರಬೇಕಾಯಿತು.

೩

ಈ ಕಾರ್ಯಕ್ಕೆ ಮೊದಲು ಕೈಹಾಕಿದವರಲ್ಲಿ ಬಾಸೆಲ್ ಮಿಷನ್ನಿನ ಹರ್ಮನ್ ಮೋಗ್ಲಿಂಗ್ ಪ್ರಮುಖರು. ಮಂಗಳೂರಿನಲ್ಲಿ ೧೮೪೮ರಿಂದ ಅವರು ಕಲ್ಲಚ್ಚಿನಲ್ಲಿ ಹೊರತಂದ ‘ಬಿಬ್ಲಿಯೋತಿಕಾ ಕರ್ನಾಟಕ’ ಮಾಲೆಯಲ್ಲಿ ಜೈಮಿನಿ ಭಾರತ, ಬಸವಪುರಾಣ, ದಾಸರ ಪದಗಳು ಮೊದಲಾದುವು ಪ್ರಕಟವಾದುವು. ಫರ್ಡಿನಾಂಡ್ ಕಿಟ್ಟೆಲ್ ಅವರು ೧೮೭೨ರಲ್ಲಿ ಶಬ್ದಮಣಿದರ್ಪಣವನ್ನೂ ೧೮೭೫ರಲ್ಲಿ ಛಂದೋಂಬುಧಿಯನ್ನೂ ೧೮೯೪ರಲ್ಲಿ ತಮ್ಮ ನಿಘಂಟನ್ನೂ ಪ್ರಕಟಿಸಿದರು. ಮೈಸೂರು ಸಂಸ್ಥಾನದಲ್ಲಿ ಬಿ. ಎಲ್. ರೈಸ್ ಅವರ ‘ಬಿಬ್ಲಿಯೋತಿಕಾ ಕರ್ನಾಟಿಕಾ’ ಮಾಲೆಯು ೧೮೮೪ರಲ್ಲಿ ಕರ್ಣಾಟಕ ಭಾಷಾಭೂಷಣವನ್ನೂ ೧೮೯೦ರಲ್ಲಿ ಶಬ್ದಾನುಶಾಸನವನ್ನೂ ಹೊರತಂದಿತು. ೧೮೯೮ರಲ್ಲಿ ರೈಸ್ ಅವರ ಪಂಪಭಾರತವೂ ಕೆ. ಬಿ. ಪಾಠಕ್ ಅವರು ಸಂಪಾದಿಸಿದ ಕವಿರಾಜಮಾರ್ಗವೂ ಬೆಳಕು ಕಂಡುವು. ಈ ವರ್ಷಗಳನ್ನು ಸಾಲಾಗಿ ಇಟ್ಟು ನೋಡಿದರೆ ಒಂದು ಸಂಗತಿ ಸ್ಪಷ್ಟವಾಗುತ್ತದೆ: ವ್ಯಾಕರಣ, ಛಂದಸ್ಸುಗಳ ಗ್ರಂಥಗಳು ಅಚ್ಚಾಗಿ ಇಪ್ಪತ್ತೈದು ವರ್ಷಗಳ ಮೇಲೆ ಪಂಪನ ಭಾರತ ಅಚ್ಚಾಯಿತು. ೧೮೯೮ಕ್ಕಿಂತ ಮೊದಲು ಪಂಪಭಾರತವನ್ನು ಒಂದು ತರಗತಿಗೆ ಪಠ್ಯವಾಗಿ ಇಡಬೇಕೆಂದು ಯಾರಾದರೂ ಬಯಸಿದ್ದರೂ ಇಡಲು ಪುಸ್ತಕವೇ ಇರಲಿಲ್ಲ.

ಹತ್ತನೆಯ ಚಾಮರಾಜೇಂದ್ರ ಒಡೆಯರ ಕಾಲದಲ್ಲಿ, ೧೮೯೧ರಲ್ಲಿ, ಮೈಸೂರಿನ ಪ್ರಾಚ್ಯ ಪುಸ್ತಕಾಲಯವು ಸ್ಥಾಪಿತವಾಯಿತು. ೧೯೦೫ರಲ್ಲಿ ಆರ್. ಶಾಮಶಾಸ್ತ್ರಿಗಳಿಗೆ ಕೌಟಿಲ್ಯನ ಅರ್ಥಶಾಸ್ತ್ರದ ಓಲೆಪ್ರತಿ ದೊರೆತುದು ಈ ಪುಸ್ತಕಾಲಯದಲ್ಲಿಯೇ. ೧೯೦೯ರಲ್ಲಿ ಅದು ಮುದ್ರಣವಾಯಿತು. ಈ ಪ್ರಸಿದ್ಧ ಸಂಗತಿಯ ನೆರಳಿನಲ್ಲಿ, ಅದೇ ಪುಸ್ತಕಾಲಯವು ಕನ್ನಡದ ಓಲೆಪ್ರತಿಗಳನ್ನೂ ಕೂಡಿಹಾಕುತ್ತಿದ್ದಿತೆಂಬುದು ಮರೆತುಹೋಗುತ್ತದೆ. ಆರ್. ನರಸಿಂಹಾಚಾರ್ಯರ ಕರ್ಣಾಟಕ ಕವಿಚರಿತೆಯ ಮೊದಲನೆಯ ಸಂಪುಟ ೧೯೦೭ರಲ್ಲಿ, ಎರಡನೆಯದು ೧೯೧೯ರಲ್ಲಿ, ಮೂರನೆಯದು ೧೯೨೯ರಲ್ಲಿ ಪ್ರಕಟವಾದುವು. ಕವಿಗಳ ಕಾಲ, ಕೃತಿಗಳನ್ನು ನಿರ್ಣಯಿಸುವ ಗ್ರಂಥವೆಂದು ಅದನ್ನು ನಾವು ಓದುತ್ತೇವೆ. ಪುಸ್ತಕಭಂಡಾರವನ್ನು ಕಟ್ಟುವವರ ದೃಷ್ಟಿಯಿಂದ ನೋಡಿದರೆ ಅದು ಒಂದು ಸೂಚೀಪತ್ರವೂ ಹೌದು. ಕನ್ನಡದಲ್ಲಿ ಯಾವ ಯಾವ ಕೃತಿಗಳಿವೆ ಎಂಬುದು ಅದರಿಂದ ಮೊತ್ತಮೊದಲಿಗೆ ಕ್ರಮವಾಗಿ ಗೊತ್ತಾಯಿತು. ಇನ್ನೂ ಅಚ್ಚಾಗದಿರುವುವು ಯಾವುವೆಂಬುದೂ ಅದರೊಡನೆಯೇ ಗೊತ್ತಾಯಿತು.

ಮೈಸೂರು ವಿಶ್ವವಿದ್ಯಾನಿಲಯವು ೧೯೧೬ರಲ್ಲಿ ಆರಂಭವಾಯಿತು. ಪ್ರಾಚ್ಯ ಪುಸ್ತಕಾಲಯವು ಅದರ ಅಂಗವಾಯಿತು. ಕನ್ನಡದಲ್ಲಿ ಎಂ. ಎ. ತರಗತಿ ಆರಂಭವಾದುದು ೧೯೨೭ರಲ್ಲಿ. ಟಿ. ಎಸ್. ವೆಂಕಣ್ಣಯ್ಯನವರಂತಹ ಅಧ್ಯಾಪಕರು ದೊರೆತರು. ಕೊಪ್ಪ ತಾಲ್ಲೂಕಿನ ಹಿರೇಕೊಡಿಗೆಯಲ್ಲಿ ೧೯೦೪ರ ಡಿಸೆಂಬರ್ ೨೯ರಂದು ಜನಿಸಿ, ತೀರ್ಥಹಳ್ಳಿ ತಾಲ್ಲೂಕಿನ ಕುಪ್ಪಳಿಯಲ್ಲಿ ಬೆಳೆದ ಕೆ. ವಿ. ಪುಟ್ಟಪ್ಪನವರು ಮೊದಲ ತಂಡದ ವಿದ್ಯಾರ್ಥಿಗಳಲ್ಲಿ ಒಬ್ಬರಾಗಿ, ೧೯೨೯ರಲ್ಲಿ ಪದವಿ ಪಡೆದು, ಅದೇ ಮಹಾರಾಜಾ ಕಾಲೇಜಿನಲ್ಲಿ ಅಧ್ಯಾಪಕರಾದರು. ವಿಶ್ವವಿದ್ಯಾನಿಲಯ ಹುಟ್ಟಿದ ಹನ್ನೊಂದು ವರ್ಷಗಳವರೆಗೆ ನಾಡಿನ ಭಾಷೆಗೆ ಉಚ್ಚ ತರಗತಿ ಇಲ್ಲದೆ ಹೋದುದಕ್ಕೆ ಕಾರಣಗಳು ಹಲವಿರಬಹುದು. ಓದಲು ಅಚ್ಚಾದ ಗ್ರಂಥಗಳ ಕೊರತೆಯೂ ಅವುಗಳಲ್ಲಿ ಒಂದೆಂದು ಊಹಿಸುವುದು ಅಸಂಗತವಾಗಲಾರದು.

೪

ತರಗತಿ ಆರಂಭವಾದ ಮೇಲೆ ಭಂಡಾರವು ಬೆಳೆದ ಬಗೆ ಇನ್ನೂ ಗಮನಾರ್ಹವಾದುದು. ರೈಸ್ ಅವರ ಪಂಪಭಾರತವು ಕೆಲವೇ ಪ್ರತಿಗಳನ್ನು ಆಧರಿಸಿದ್ದಿತು. ೧೯೩೧ರಲ್ಲಿ ಕನ್ನಡ ಸಾಹಿತ್ಯ ಪರಿಷತ್ತು ಅದರ ಹೊಸ ಪರಿಷ್ಕರಣವನ್ನು ಪ್ರಕಟಿಸಿತು. ಡಿ. ಎಲ್. ನರಸಿಂಹಾಚಾರ್ಯರು ಸಂಪಾದಿಸಿದ ವಡ್ಡಾರಾಧನೆ ೧೯೪೯ರಲ್ಲಿ ಬಂದಿತು. ಹಳಗನ್ನಡ ಗದ್ಯದ ಈ ಶ್ರೇಷ್ಠ ಕೃತಿಯ ಇಂತಹ ಪರಿಷ್ಕೃತ ಪ್ರತಿಯು ೧೯೨೭ರ ವಿದ್ಯಾರ್ಥಿಯ ಕೈಗೆ ಸಿಕ್ಕುವಂತಿರಲಿಲ್ಲ. ಕುವೆಂಪು ಮತ್ತು ಮಾಸ್ತಿಯವರ ಸಂಪಾದಕತ್ವದಲ್ಲಿ ೧೯೫೮ರಲ್ಲಿ ಕುಮಾರವ್ಯಾಸಭಾರತವು ಸುಲಭ ಬೆಲೆಗೆ ಜನರಿಗೆ ದೊರೆಯಿತು. ೧೯೬೪ರಲ್ಲಿ ನರಸಿಂಹಾಚಾರ್ಯರ ‘ಕನ್ನಡ ಗ್ರಂಥಸಂಪಾದನೆ’ ಪ್ರಕಟವಾಗಿ, ಸಂಪಾದನೆಯೇ ಒಂದು ಶಾಸ್ತ್ರವಾಗಿ ವ್ಯಾಸಂಗದೊಳಗೆ ಸೇರಿತು. ೧೯೬೬ರಲ್ಲಿ ಮೈಸೂರಿನಲ್ಲಿ ಕನ್ನಡ ಅಧ್ಯಯನ ಸಂಸ್ಥೆ ಸ್ಥಾಪಿತವಾಗಿ ಕನ್ನಡ ಹಸ್ತಪ್ರತಿಗಳ ರಕ್ಷಣೆ ಅದರ ಹೊಣೆಯಾಯಿತು.

ಮೈಸೂರಿನ ಹೊರಗೂ ಇದೇ ಕಾರ್ಯ ನಡೆದಿದ್ದಿತು. ಬಿಜಾಪುರದಲ್ಲಿ ಫ. ಗು. ಹಳಕಟ್ಟಿಯವರು ವಚನಗಳ ಓಲೆಪ್ರತಿಗಳನ್ನು ಸಂಗ್ರಹಿಸಿ ೧೯೨೩ರಲ್ಲಿ ವಚನಶಾಸ್ತ್ರಸಾರವನ್ನು ಹೊರತಂದರು. ಅದಕ್ಕೆ ಮುಂದೆ ತಮ್ಮದೇ ಮುದ್ರಣಾಲಯವನ್ನೂ ಸ್ಥಾಪಿಸಿದರು. ಕೆ. ಭುಜಬಲಿ ಶಾಸ್ತ್ರಿಗಳು ಮೂಡಬಿದಿರೆ ಮೊದಲಾದ ಸ್ಥಳಗಳ ಜೈನ ಭಂಡಾರಗಳ ತಾಡಪತ್ರಗಳಿಗೆ ಸೂಚಿಯನ್ನು ರಚಿಸಿದರು. ಅದು ೧೯೪೮ರಲ್ಲಿ ಪ್ರಕಟವಾಯಿತು. ಇಂದು ವಚನಸಾಹಿತ್ಯವಿಲ್ಲದ ಕನ್ನಡ ಪಠ್ಯಕ್ರಮವನ್ನು ನಾವು ಊಹಿಸಲಾರೆವು. ಆದರೆ ಅದು ಪಠ್ಯಕ್ರಮಕ್ಕೆ ಬರಲು ಒಬ್ಬ ವಕೀಲರು ತಮ್ಮ ಗಳಿಕೆಯನ್ನೂ ಆಯುಷ್ಯವನ್ನೂ ಸವೆಸಬೇಕಾಯಿತು.

ಇಷ್ಟರಿಂದ ಹೊರಡುವ ನಿರ್ಣಯವಿದು: ಕನ್ನಡದ ಮಟ್ಟಿಗೆ ಪುಸ್ತಕಭಂಡಾರವು ಪಠ್ಯಕ್ರಮವನ್ನು ಹಿಂಬಾಲಿಸಿ ಹೋದುದಲ್ಲ, ಅನೇಕ ವೇಳೆ ಅದರ ಮುಂದೆ ನಡೆದು ದಾರಿಮಾಡಿಕೊಟ್ಟುದು. ನಿಯತವಾದ ಪಠ್ಯಪುಸ್ತಕಗಳ ಹತ್ತಾರು ಪ್ರತಿಗಳನ್ನು ತರಿಸಿ ಜೋಡಿಸಿದರೆ ಸಾಹಿತ್ಯದ ಉಪವಿಷಯಕ್ಕೆ ಭಂಡಾರ ಸಿದ್ಧವಾಯಿತೆಂದು ಭಾವಿಸುವುದು ಈ ಇತಿಹಾಸಕ್ಕೆ ವಿರುದ್ಧ. ಪಠ್ಯ ಬದಲಾದ ವರ್ಷ ಆ ಹತ್ತಾರು ಪ್ರತಿಗಳು ನಿರುಪಯೋಗವಾಗುತ್ತವೆ. ೧೮೯೮ರ ಪಂಪಭಾರತವೂ ೧೯೩೧ರ ಪಂಪಭಾರತವೂ ಪಕ್ಕಪಕ್ಕದಲ್ಲಿದ್ದರೆ ಅವುಗಳ ಪಾಠಾಂತರಗಳನ್ನು ಹೋಲಿಸುವ ವಿದ್ಯಾರ್ಥಿ ಯಾವ ಪಠ್ಯಕ್ರಮದಲ್ಲಿಯೂ ಅವನ್ನು ಬಳಸಬಲ್ಲನು.

೫

ಈಗ ಮಲೆನಾಡಿನ ಮೂರು ತಾಲ್ಲೂಕುಗಳತ್ತ ದೃಷ್ಟಿ ಹರಿಸಬಹುದು. ಶೃಂಗೇರಿಯಲ್ಲಿ ಜಗದ್ಗುರು ಶ್ರೀ ಚಂದ್ರಶೇಖರ ಭಾರತಿ ಸ್ಮಾರಕ ಕಾಲೇಜು, ಕೊಪ್ಪ ಮತ್ತು ನರಸಿಂಹರಾಜಪುರಗಳಲ್ಲಿ ಸರ್ಕಾರಿ ಪ್ರಥಮ ದರ್ಜೆ ಕಾಲೇಜುಗಳು ಇವೆ. ಇವು ೧೯೮೭ರಲ್ಲಿ ಸ್ಥಾಪಿತವಾದ ಕುವೆಂಪು ವಿಶ್ವವಿದ್ಯಾನಿಲಯದ ವ್ಯಾಪ್ತಿಗೆ ಸೇರಿದುವು. ಕೊಪ್ಪ ತಾಲ್ಲೂಕಿನಲ್ಲಿ ಹುಟ್ಟಿದ ಕವಿಯ ಹೆಸರನ್ನೇ ಹೊತ್ತ ವಿಶ್ವವಿದ್ಯಾನಿಲಯದ ಕಾಲೇಜುಗಳಲ್ಲಿ ಸಾಹಿತ್ಯದ ಭಂಡಾರ ಹೇಗಿರಬೇಕೆಂಬುದು ಕೇವಲ ಆಡಳಿತದ ಪ್ರಶ್ನೆಯಾಗಲಾರದು.

ಈ ಮೂರು ತಾಲ್ಲೂಕುಗಳ ಒಂದು ವೈಶಿಷ್ಟ್ಯವನ್ನು ಸಾಹಿತ್ಯದ ವಿದ್ಯಾರ್ಥಿಗಳು ಗಮನಿಸಬೇಕು. ನರಸಿಂಹರಾಜಪುರದ ಬಳಿಯ ಸಿಂಹನಗದ್ದೆಯಲ್ಲಿ ಜ್ವಾಲಾಮಾಲಿನಿಯ ಬಸದಿಯೂ ಜೈನ ಮಠವೂ ಇವೆ. ಅದೇ ತಾಲ್ಲೂಕಿನ ಬಾಳೆಹೊನ್ನೂರಿನಲ್ಲಿ ವೀರಶೈವರ ರಂಭಾಪುರಿ ಪೀಠವಿದೆ. ಶೃಂಗೇರಿಯಲ್ಲಿ ಶಾರದಾಪೀಠವೂ, ಕೊಪ್ಪ ತಾಲ್ಲೂಕಿನಲ್ಲಿ ಹರಿಹರಪುರದ ಮಠವೂ ಇವೆ. ನಮ್ಮ ಸಾಹಿತ್ಯಚರಿತ್ರಕಾರರು ಬಹುಕಾಲ ಜೈನ, ವೀರಶೈವ, ಬ್ರಾಹ್ಮಣ ಎಂದು ಯುಗವಿಭಾಗ ಮಾಡಿಕೊಂಡು ಹೇಳಿದ ಮೂರು ಪರಂಪರೆಗಳು ಇಲ್ಲಿ ಒಂದು ದಿನದ ಪ್ರಯಾಣದ ಒಳಗೆ ಒಟ್ಟಿಗೆ ಬಾಳುತ್ತಿವೆ. ಯುಗಗಳು ಒಂದರ ಅನಂತರ ಒಂದು ಬಂದು ಹೋದುವೆಂಬ ಭಾವನೆಯನ್ನು ಪರೀಕ್ಷಿಸಿ ನೋಡಲು ಇದಕ್ಕಿಂತ ಒಳ್ಳೆಯ ಕ್ಷೇತ್ರ ವಿದ್ಯಾರ್ಥಿಗೆ ದೊರೆಯಲಾರದು.

ಈ ಪ್ರದೇಶದ ಲಿಖಿತ ಸಾಮಗ್ರಿ ವಿದ್ವತ್ಪ್ರಪಂಚದ ಗಮನಕ್ಕೆ ಬಂದುದೂ ಹೊರಗಿನವರ ಶೋಧನೆಯಿಂದಲೇ ಹೆಚ್ಚು. ಇಲ್ಲಿನ ಶಾಸನಗಳು ರೈಸ್ ಅವರ ಎಪಿಗ್ರಾಫಿಯಾ ಕರ್ನಾಟಿಕಾದ ಆರನೆಯ ಸಂಪುಟದಲ್ಲಿ, ಕಡೂರು ಜಿಲ್ಲೆಯ ಭಾಗವಾಗಿ, ೧೯೦೧ರಲ್ಲಿ ಪ್ರಕಟವಾದುವು. ಪ್ರಾಕ್ತನ ಇಲಾಖೆಯ ಆರ್. ನರಸಿಂಹಾಚಾರ್ಯರು ೧೯೧೬ರಲ್ಲಿ ಶೃಂಗೇರಿಯಲ್ಲಿ ಟೀಪೂಸುಲ್ತಾನನ ಕನ್ನಡ ಪತ್ರಗಳನ್ನು ಕಂಡರು. ೧೭೯೧ರಲ್ಲಿ ಮರಾಠಾ ದಂಡು ಶೃಂಗೇರಿಯನ್ನು ಸೂರೆಮಾಡಿದ ಸಂಬಂಧದ ಪತ್ರಗಳೂ ಅವುಗಳಲ್ಲಿವೆ. ಇತಿಹಾಸಕಾರರು ಅವನ್ನು ರಾಜಕೀಯ ಮತ್ತು ಧಾರ್ಮಿಕ ನೀತಿಯ ಸಾಕ್ಷ್ಯವಾಗಿ ಓದಿದ್ದಾರೆ. ಹದಿನೆಂಟನೆಯ ಶತಮಾನದ ಕನ್ನಡ ಗದ್ಯದ ನಿದರ್ಶನವಾಗಿ ಅವನ್ನು ಓದುವ ಕೆಲಸ ಸಾಹಿತ್ಯವಿಭಾಗಕ್ಕೆ ಸೇರಿದುದು. ಮಠದ ಕಡತಗಳ ವಿಷಯವೂ ಹಾಗೆಯೇ. ಬಟ್ಟೆಗೆ ಹುಣಿಸೆಬೀಜದ ಗಂಜಿಯನ್ನೂ ಇದ್ದಿಲಿನ ಪುಡಿಯನ್ನೂ ಬಳಿದು ಒಣಗಿಸಿ, ಮಡಿಕೆಗಳಾಗಿ ಮಡಿಸಿ, ಬಳಪದಿಂದ ಬರೆದ ಈ ಕಪ್ಪು ಪುಸ್ತಕಗಳಲ್ಲಿ ಲೆಕ್ಕಪತ್ರ, ನಿರೂಪ, ವ್ಯವಹಾರಗಳ ಭಾಷೆ ಉಳಿದುಬಂದಿದೆ. ಎ. ಕೆ. ಶಾಸ್ತ್ರಿಯವರ ಪರಿಶ್ರಮದಿಂದ ಶೃಂಗೇರಿ ಧರ್ಮಸಂಸ್ಥಾನದ ದಾಖಲೆಗಳ ಸಂಪುಟವೊಂದು ೨೦೦೯ರಲ್ಲಿ ಪ್ರಕಟವಾಗಿದೆ. ಇಂತಹ ಸಂಪುಟಗಳು ಕಾಲೇಜಿನ ಕನ್ನಡ ಕಪಾಟಿನಲ್ಲಿ ಇರಬೇಕಾದುವು.

ನಷ್ಟವೂ ಇಲ್ಲಿ ಕಡಮೆಯಾಗಿಲ್ಲ. ಮುಂಗಾರಿನ ನಾಲ್ಕು ತಿಂಗಳು ಮಲೆನಾಡಿನ ಗಾಳಿಯಲ್ಲಿ ನೀರೇ ತುಂಬಿರುತ್ತದೆ. ಕಾಗದಕ್ಕೆ ಬೂಷ್ಟು, ಮರಕ್ಕೆ ಗೆದ್ದಲು ತಪ್ಪಿದ್ದಲ್ಲ. ಹಿಂದಿನವರು ಒಲೆಯ ಮೇಲಣ ಅಟ್ಟದಲ್ಲಿ ಓಲೆಯ ಕಟ್ಟುಗಳನ್ನು ಇಡುತ್ತಿದ್ದುದರಿಂದ ಹೊಗೆಯ ಕಾವಿಗೆ ಅವು ಹುಳುಹಿಡಿಯದೆ ಉಳಿಯುತ್ತಿದ್ದುವು. ಒಲೆ ಹೋಗಿ ಅನಿಲದ ಸಿಲಿಂಡರು ಬಂದ ಮನೆಗಳಲ್ಲಿ ಆ ರಕ್ಷಣೆಯೂ ಹೋಯಿತು. ಭದ್ರಾ ಜಲಾಶಯದ ಹಿನ್ನೀರಿನಲ್ಲಿ ನರಸಿಂಹರಾಜಪುರದ ಸುತ್ತಣ ಹಳ್ಳಿಗಳು ಮುಳುಗಿ ಒಕ್ಕಲುಗಳು ಚದುರಿದಾಗ ಮನೆತನದ ಕಾಗದಪತ್ರಗಳಿಗೆ ಒದಗಿದ ಗತಿಯನ್ನು ಊಹಿಸಬಹುದು. ಅಟ್ಟದ ಮೇಲೆ ಉಳಿದುದು ಇನ್ನೊಂದು ತಲೆಮಾರಿನವರೆಗೆ ಉಳಿಯುವುದೆಂಬ ಭರವಸೆಯಿಲ್ಲ. ಆದುದರಿಂದ ಸಮೀಪದ ಕಾಲೇಜು ಇದನ್ನು ತನ್ನ ಹೊಣೆಯೆಂದು ತಿಳಿಯಬೇಕಾಗಿದೆ.

೬

ಇಷ್ಟನ್ನು ಮನಸ್ಸಿನಲ್ಲಿಟ್ಟುಕೊಂಡು, ಐಚ್ಛಿಕ ಸಾಹಿತ್ಯಕ್ಕೆ ಭಂಡಾರವನ್ನು ಕಟ್ಟುವ ಕಾಲೇಜು ಅನುಸರಿಸಬಹುದಾದ ಕ್ರಮವನ್ನು ಸಂಗ್ರಹವಾಗಿ ಹೇಳಬಹುದು.

ಮೊದಲನೆಯದಾಗಿ ಆಕರಗ್ರಂಥಗಳು. ಕಿಟ್ಟೆಲ್ ನಿಘಂಟು, ೧೯೭೦ರಿಂದ ಸಂಪುಟ ಸಂಪುಟವಾಗಿ ಬಂದ ಸಾಹಿತ್ಯ ಪರಿಷತ್ತಿನ ನಿಘಂಟು, ಕವಿಚರಿತೆಯ ಮೂರು ಸಂಪುಟಗಳು, ರಂ. ಶ್ರೀ. ಮುಗಳಿಯವರ ೧೯೫೩ರ ಕನ್ನಡ ಸಾಹಿತ್ಯ ಚರಿತ್ರೆ, ಎಪಿಗ್ರಾಫಿಯಾ ಕರ್ನಾಟಿಕಾದ ಸ್ಥಳೀಯ ಸಂಪುಟ, ಹಸ್ತಪ್ರತಿಗಳ ವರ್ಣನಾತ್ಮಕ ಸೂಚಿಗಳು ಇಲ್ಲಿ ಸೇರುತ್ತವೆ. ಯಾವ ಪಠ್ಯ ಬಂದರೂ ಹೋದರೂ ಇವುಗಳ ಅಗತ್ಯ ತಪ್ಪುವುದಿಲ್ಲ. ಹಣದ ಮೊದಲ ಭಾಗ ಇವಕ್ಕೇ ಸಲ್ಲಬೇಕು.

ಎರಡನೆಯದಾಗಿ ಮೂಲಕೃತಿಗಳು. ಮುಖ್ಯವಾದ ಕೆಲವು ಕೃತಿಗಳಿಗಾದರೂ ಒಂದಕ್ಕಿಂತ ಹೆಚ್ಚು ಪರಿಷ್ಕರಣಗಳಿರಬೇಕು. ಹಳೆಯ ಮುದ್ರಣಗಳು ಈಗ ಕೊಳ್ಳಲು ದೊರೆಯದಿದ್ದರೂ ಅವುಗಳಲ್ಲಿ ಹಲವು ಗಣಕಯಂತ್ರದಲ್ಲಿ ಓದುವಂತೆ ಲಭ್ಯವಾಗಿವೆ. ಅವನ್ನು ಇಳಿಸಿಕೊಂಡು ಸೂಚಿಯಲ್ಲಿ ನಮೂದಿಸಿದರೆ ಅವೂ ಭಂಡಾರದ ಆಸ್ತಿಯೇ.

ಮೂರನೆಯದಾಗಿ ನಿಯತಕಾಲಿಕಗಳು. ೧೯೧೫ರಲ್ಲಿ ಸ್ಥಾಪಿತವಾದ ಸಾಹಿತ್ಯ ಪರಿಷತ್ತಿನ ಪತ್ರಿಕೆ, ೧೯೧೯ರಲ್ಲಿ ಆರಂಭವಾದ ಪ್ರಬುದ್ಧ ಕರ್ಣಾಟಕ ಇವುಗಳ ಹಳೆಯ ಸಂಚಿಕೆಗಳಲ್ಲಿ ನಮ್ಮ ವಿಮರ್ಶೆ, ಸಂಶೋಧನೆಗಳು ಬೆಳೆದ ಹೆಜ್ಜೆಗಳಿವೆ.

ನಾಲ್ಕನೆಯದು, ಯಾವ ಪ್ರಕಾಶಕರಿಂದಲೂ ತರಿಸಲಾಗದ ಸ್ಥಳೀಯ ಸಂಗ್ರಹ. ಈ ಭಾಗದಲ್ಲಿ ಯಕ್ಷಗಾನ ತಾಳಮದ್ದಳೆಗಳು ಇಂದಿಗೂ ಜೀವಂತವಾಗಿವೆ. ಉಡುಪಿಯ ಕಡೆಯಲ್ಲಿ ಅಚ್ಚಾಗಿ ಮನೆಮನೆಗೂ ಬಂದ ಪ್ರಸಂಗಪುಸ್ತಕಗಳು, ಅರ್ಥಧಾರಿಗಳು ಕೈಯಲ್ಲಿ ಬರೆದಿಟ್ಟುಕೊಂಡ ಟಿಪ್ಪಣಿಗಳು, ಸ್ಮರಣಸಂಚಿಕೆಗಳು, ಹಾಡಿನ ಪುಸ್ತಕಗಳು ಇದರಲ್ಲಿ ಸೇರಬೇಕು. ಓಲೆಯ ಕಟ್ಟುಗಳನ್ನು ಮನೆಯವರಿಂದ ಬಿಡಿಸಿ ತರಬೇಕೆಂಬ ನಿಯಮವಿಲ್ಲ. ಅವರ ಒಪ್ಪಿಗೆ ಪಡೆದು, ಗರಿಗಳ ಛಾಯಾಚಿತ್ರ ತೆಗೆದು, ಮೂಲವನ್ನು ಅವರಲ್ಲಿಯೇ ಬಿಟ್ಟು, ಕಾಪಾಡುವ ವಿಧಾನವನ್ನು ತಿಳಿಸಿ ಬಂದರೆ ಸಾಕು. ಮೊದಲಿನ ಶೋಧಕರು ಕೊಂಡೊಯ್ದ ಪ್ರತಿಗಳು ಮೈಸೂರು, ಮದರಾಸುಗಳಲ್ಲಿ ಸುರಕ್ಷಿತವಾಗಿವೆ, ನಿಜ. ಆದರೆ ಅವು ಯಾವ ಊರಿನ ಯಾವ ಮನೆಯಲ್ಲಿ, ಯಾರು ಓದುತ್ತಿದ್ದುವೆಂಬ ವಿವರ ಎಷ್ಟೋ ಕಟ್ಟುಗಳಿಗೆ ಇಲ್ಲ. ಹೊಸ ಸಂಗ್ರಹಕಾರರು ಕೃತಿಯ ಹೆಸರಿನೊಡನೆ ಅದನ್ನೂ ಬರೆದುಕೊಳ್ಳಬೇಕು.

ಇದಕ್ಕೆ ಸಂಬಂಧಿಸಿದ ವರ್ಗೀಕರಣದ ತೊಡಕೊಂದಿದೆ. ಡ್ಯೂಯಿ ಪದ್ಧತಿಯಲ್ಲಿ ಕನ್ನಡ ಸಾಹಿತ್ಯಕ್ಕೆ ೮೯೪.೮೧೪ ಎಂಬ ಸಂಖ್ಯೆಯುಂಟು. ಆದರೆ ಶಾಸನಸಂಪುಟ ಮತ್ತು ಮಠದ ದಾಖಲೆಗಳು ಇತಿಹಾಸದ ೯೫೪ಕ್ಕೂ ಯಕ್ಷಗಾನವು ರಂಗಕಲೆಯ ೭೯೨ಕ್ಕೂ ಹೋಗಿ ಸೇರುತ್ತವೆ. ಕನ್ನಡದ ಕಪಾಟನ್ನು ಮಾತ್ರ ನೋಡುವ ವಿದ್ಯಾರ್ಥಿಗೆ ತನ್ನ ಊರಿನ ಸಾಮಗ್ರಿ ಕಾಣಸಿಗುವುದೇ ಇಲ್ಲ. ಎಸ್. ಆರ್. ರಂಗನಾಥನ್ ಅವರು ೧೯೩೧ರಲ್ಲಿ ನಿರೂಪಿಸಿದ ಐದು ಸೂತ್ರಗಳಲ್ಲಿ ಪ್ರತಿಯೊಂದು ಪುಸ್ತಕಕ್ಕೂ ಅದರ ಓದುಗ ದೊರೆಯಬೇಕೆಂಬುದೂ ಒಂದು. ಮೂರು ಕಡೆ ಹಂಚಿಹೋದುದನ್ನು ಒಂದೇ ಸೂಚಿಯಲ್ಲಿ ತಂದು ತೋರಿಸುವ ಕೆಲಸವನ್ನು ಗ್ರಂಥಪಾಲಕರೂ ಕನ್ನಡ ಅಧ್ಯಾಪಕರೂ ಕೂಡಿ ಮಾಡಬೇಕು. ಮೂರು ತಾಲ್ಲೂಕುಗಳ ಕಾಲೇಜುಗಳು ಒಂದು ಜಂಟಿ ಸೂಚಿಯನ್ನು ಇಟ್ಟುಕೊಂಡರೆ, ಬೆಲೆಬಾಳುವ ಸಂಪುಟಗಳನ್ನು ಮೂರೂ ಕಡೆ ಕೊಳ್ಳುವ ಅಗತ್ಯವೂ ಇರುವುದಿಲ್ಲ.

ಕೊನೆಯದು ಸಂರಕ್ಷಣೆಗೆ ಸೇರಿದುದು. ಗೋಡೆಗೆ ತಗುಲದ ಕಪಾಟು, ನೆಲದಿಂದ ಎತ್ತರಿಸಿದ ತಳದ ಹಲಗೆ, ಮಳೆ ಬಿಟ್ಟ ಕೂಡಲೆ ಪುಸ್ತಕಗಳನ್ನು ತೆಗೆದು ಗಾಳಿಗೆ ಹರಡುವ ವಾಡಿಕೆ, ಇವಕ್ಕೆ ದೊಡ್ಡ ಅನುದಾನ ಬೇಕಾಗಿಲ್ಲ. ಬೇಕಾದುದು ಪ್ರತಿವರ್ಷ ತಪ್ಪದೆ ಆ ಕೆಲಸವನ್ನು ಮಾಡುವ ಒಬ್ಬ ವ್ಯಕ್ತಿ. ನಾಗಾವಿಯ ಶಾಸನ ಬರೆಯಿಸಿದವರೂ ಶೃಂಗೇರಿಯ ಪುರಾಣಿಕನಿಗೆ ಭೂಮಿ ಬಿಟ್ಟವರೂ ಇದನ್ನು ಅರಿತಿದ್ದರು. ಈಗ ಎಷ್ಟೋ ಕಾಲೇಜುಗಳಲ್ಲಿ ಪುಸ್ತಕಗಳಿಗೆ ಹಣವಿದ್ದು ಗ್ರಂಥಪಾಲಕರ ಹುದ್ದೆ ಖಾಲಿಯಾಗಿರುವುದುಂಟು. ಐಚ್ಛಿಕ ಸಾಹಿತ್ಯವನ್ನು ಆರಂಭಿಸುವ ಕಾಲೇಜು ಪುಸ್ತಕಗಳ ಪಟ್ಟಿಯನ್ನು ಸಿದ್ಧಪಡಿಸುವ ಮೊದಲು ಆ ಹುದ್ದೆಯನ್ನು ತುಂಬಿಸಿಕೊಳ್ಳುವುದು ಮೇಲು. ಪಟ್ಟಿಯನ್ನು ಮುಂದಿನ ವರ್ಷ ತಿದ್ದಬಹುದು. ಒಂದು ಮಳೆಗಾಲದಲ್ಲಿ ಕೆಟ್ಟುಹೋದ ಓಲೆಯ ಕಟ್ಟನ್ನು ಮರಳಿ ಪಡೆಯುವ ಉಪಾಯವಿಲ್ಲ.